ಪ್ರಸಂಗಪೀಠವೂ ರಾಜಕಾರಣವೂ

ಆಧಾರ ವಾಕ್ಯಭಾಗ: ಲೂಕನು ಬರೆದ ಸುವಾರ್ತೆ, 12ನೆಯ ಅಧ್ಯಾಯ, 13ರಿಂದ 21ನೆಯ ವಚನಗಳು. ಓದುವವರು ಮೊದಲು ವೇದಪುಸ್ತಕವನ್ನು ತೆರೆದು ಈ ಭಾಗವನ್ನು ಮನೆಯವರೆಲ್ಲರೂ ಕೇಳುವಂತೆ ಓದಲಿ.



ಚುನಾವಣೆಯ ಕಾಲ ಬಂದಾಗಲೆಲ್ಲಾ ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಉಬ್ರಾಣಿ ಹೋಬಳಿಯಲ್ಲಾಗಲಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಾಗಲಿ, ಆರಾಧನೆ ಮುಗಿದ ಮೇಲೆ ಒಬ್ಬರು ಉಪದೇಶಿಯ ಹತ್ತಿರ ಬಂದು, “ಅಯ್ಯನವರೇ, ಈ ಸಾರಿ ಯಾರಿಗೆ ಓಟು ಹಾಕೋಣ?” ಎಂದು ಮೆಲ್ಲಗೆ ಕೇಳುವರು. ಇನ್ನೊಬ್ಬರು, “ದೇವರ ಆಲಯದಲ್ಲಿ ರಾಜಕಾರಣದ ಮಾತೇ ಬೇಡ” ಎನ್ನುವರು. ಮತ್ತೊಬ್ಬರು, “ನಮ್ಮ ಕಷ್ಟವನ್ನು ಪೀಠದಿಂದ ಹೇಳದೆ ಹೋದರೆ ಇನ್ನೆಲ್ಲಿ ಹೇಳಬೇಕು?” ಎನ್ನುವರು. ಈ ಮೂವರೂ ಸಭೆಯ ಮಕ್ಕಳೇ. ಮೂವರ ಮನಸ್ಸಿನಲ್ಲಿಯೂ ಒಂದೊಂದು ಭಯವಿದೆ. ಆದಕಾರಣ ನಾವು ನಮ್ಮ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು, ಇಂಥಾ ಪ್ರಶ್ನೆ ಕರ್ತನ ಮುಂದೆ ಬಂದಾಗ ಆತನು ಏನು ಮಾಡಿದನೆಂಬದನ್ನು ಮೊದಲು ನೋಡೋಣ.

ಆತನು ಜನರ ಗುಂಪಿಗೆ ಉಪದೇಶಮಾಡುತ್ತಿರುವಾಗ ಒಬ್ಬ ಮನುಷ್ಯನು ನಡುವೆ ಬಾಯಿಹಾಕಿ, ತನ್ನ ಅಣ್ಣನು ಪಿತ್ರಾರ್ಜಿತ ಆಸ್ತಿಯಲ್ಲಿ ತನಗೆ ಪಾಲು ಕೊಡುವಂತೆ ಹೇಳಬೇಕೆಂದು ಕೇಳಿಕೊಂಡನು. ಈ ವ್ಯಾಜ್ಯವು ನಮಗೆ ಹೊಸದಲ್ಲ. ಅಡಿಕೆ ತೋಟವಿರುವ ಮನೆಗಳಲ್ಲಿ ಪಹಣಿಯ ಕಾಗದವನ್ನು ಹಿಡಿದುಕೊಂಡು ಅಣ್ಣತಮ್ಮಂದಿರು ತಾಲ್ಲೂಕು ಕಚೇರಿಗೆ ಅಲೆಯುವದನ್ನು ನಾವು ನೋಡಿದ್ದೇವೆ. ಆ ಮನುಷ್ಯನ ದೂರು ನ್ಯಾಯವಾದದ್ದೇ ಇರಬಹುದು. ಅಣ್ಣನು ಮೋಸಗಾರನೇ ಆಗಿರಬಹುದು. ಆದರೂ ಕರ್ತನು, ನಿಮಗೆ ಪಾಲು ಹಂಚುವ ನ್ಯಾಯಾಧಿಪತಿಯನ್ನಾಗಿ ನನ್ನನ್ನು ನೇಮಿಸಿದವರು ಯಾರೆಂದು ಕೇಳಿದನು. ಆತನು ತಮ್ಮನ ಪಕ್ಷವನ್ನೂ ಹಿಡಿಯಲಿಲ್ಲ, ಅಣ್ಣನ ಪಕ್ಷವನ್ನೂ ಹಿಡಿಯಲಿಲ್ಲ.

ಆದರೆ ಪ್ರಿಯರೇ, ಆತನು ಅಲ್ಲಿಗೇ ಸುಮ್ಮನಾದನೋ? ಇಲ್ಲ. ಕೂಡಲೇ ಆತನು ನೆರೆದವರೆಲ್ಲರ ಕಡೆಗೆ ತಿರುಗಿ, ಎಲ್ಲಾ ವಿಧವಾದ ಲೋಭಕ್ಕೂ ಎಚ್ಚರವಾಗಿರಬೇಕೆಂದು ಹೇಳಿ, ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಬೇಕೆಂದಿದ್ದ ಐಶ್ವರ್ಯವಂತನ ಸಾಮ್ಯವನ್ನು ಹೇಳಿದನು. ಹೊಲವನ್ನು ಅಳೆಯುವ ಸರಪಣಿಯನ್ನು ಆತನು ಮುಟ್ಟಲಿಲ್ಲ. ಹೊಲವನ್ನು ಹಾಳುಮಾಡುವ ಪಾಪವನ್ನು ಹೆಸರಿಡಿದು ಹೇಳಿದನು. ಆ ಮಾತು ಅಣ್ಣನಿಗೂ ತಗುಲಿತು, ತಮ್ಮನಿಗೂ ತಗುಲಿತು, ಸುಮ್ಮನೆ ನಿಂತು ನೋಡುತ್ತಿದ್ದವರಿಗೂ ತಗುಲಿತು.

ನಾವು ಹುಡುಕುವ ಉತ್ತರವು ಇಲ್ಲಿಯೇ ಇದೆ. ಪ್ರಸಂಗಪೀಠವು ಪಾಲು ಹಂಚುವ ಸ್ಥಳವಲ್ಲ. ಆದರೆ ಪಾಪದ ವಿಷಯದಲ್ಲಿ ಬಾಯಿ ಮುಚ್ಚುವ ಸ್ಥಳವೂ ಅಲ್ಲ. ಊರಿನ ನ್ಯಾಯ ಅನ್ಯಾಯಗಳನ್ನು ಕುರಿತು ದೇವರ ವಾಕ್ಯವು ಹೇಳುವದನ್ನು ಉಪದೇಶಿಯು ಹೇಳಲೇಬೇಕು. ಯಾವ ಮನುಷ್ಯನಿಗೆ, ಯಾವ ಪಕ್ಷಕ್ಕೆ ಮತ ಕೊಡಬೇಕೆಂಬದನ್ನು ಅವನು ಹೇಳಕೂಡದು. ಈ ಎರಡು ಸಂಗತಿಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದಾಗಿ, ಪೀಠವು ಸುಮ್ಮನಿರಕೂಡದು.

ರಾಜಕಾರಣವೆಂದರೆ ಬಾವುಟವೂ ಜೈಕಾರವೂ ಮಾತ್ರವೆಂದು ತಿಳಿಯಬೇಡಿರಿ. ಭದ್ರೆಯ ನೀರನ್ನು ಎತ್ತಿ ಕೆರೆಗಳಿಗೆ ಹರಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿಯ ನೀರು ಯಾವ ಕೆರೆಗೆ ಎಷ್ಟು ಬರಬೇಕೆಂಬದು ರಾಜಕಾರಣವೇ. ಪಡಿತರದ ಅಕ್ಕಿಯ ತೂಕ, ಪಂಚಾಯಿತಿಯ ಮನೆಗಳ ಪಟ್ಟಿ, ಶಾಲೆಯ ಮಾಸ್ತರರ ನೇಮಕ, ನಮ್ಮ ಸತ್ತವರನ್ನು ಹೂಳುವದಕ್ಕೆ ಆರಡಿ ಮೂರಡಿ ನೆಲ ಇವೆಲ್ಲವೂ ಆ ಮಾತಿನೊಳಗೇ ಸೇರುತ್ತವೆ. ವಿಧವೆಯ ಹೆಸರು ಪಟ್ಟಿಯಿಂದ ಬಿಟ್ಟುಹೋದಾಗ ಅದು ದೇವರಿಗೆ ಸಂಬಂಧಪಡದ ವಿಷಯವೆಂದು ಯಾವ ಪ್ರವಾದಿಯೂ ಹೇಳಲಿಲ್ಲ.

ಆಮೋಸನ ಗ್ರಂಥದ 7ನೆಯ ಅಧ್ಯಾಯವನ್ನು ನೋಡಿರಿ. ಆಮೋಸನು ಕುರಿ ಕಾಯುವವನು, ಅತ್ತಿಹಣ್ಣು ಕೀಳುವವನು, ನಮ್ಮಂಥಾ ಹಳ್ಳಿಗನು. ಅವನು ಬೇತೇಲಿಗೆ ಹೋಗಿ ಬಡವರನ್ನು ತುಳಿಯುವವರ ಮೇಲೆ ಬರುವ ನ್ಯಾಯತೀರ್ಪನ್ನು ಸಾರಿದಾಗ ಅವನನ್ನು ತಡೆದವರು ಯಾರು? ಅರಸನ ದಂಡಾಳುಗಳಲ್ಲ, ಅಮಚ್ಯನೆಂಬ ಯಾಜಕನು. ಇದು ಅರಸನ ಆಲಯ, ಇಲ್ಲಿ ಅಂಥಾ ಮಾತು ಆಡಬಾರದೆಂಬದೇ ಅವನ ತಡೆಯಾಗಿತ್ತು. ಆ ಯಾಜಕನು ರಾಜಕಾರಣವನ್ನು ದೇವಾಲಯದಿಂದ ಹೊರಗಿಟ್ಟೆನೆಂದು ಎಣಿಸಿದನು. ನಿಜವಾಗಿ ಅವನು ದೇವಾಲಯವನ್ನೇ ಅರಸನಿಗೆ ಒಪ್ಪಿಸಿಬಿಟ್ಟಿದ್ದನು. ಆದಕಾರಣ “ಇಲ್ಲಿ ರಾಜಕಾರಣ ಬೇಡ” ಎಂಬ ಮಾತು ಯಾವಾಗಲೂ ಭಕ್ತಿಯ ಮಾತಲ್ಲ; ಕೆಲವು ಸಾರಿ ಅದು ಬಲಿಷ್ಠರ ಅಂಜಿಕೆಯ ಮಾತು.

ನಾಬೋತನ ತೋಟದ ಸಂಗತಿಯೂ ನಿಮಗೆ ಗೊತ್ತಿದೆ. ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಈಜೆಬೆಲಳು ಅವನನ್ನು ಕೊಲ್ಲಿಸಿದ ಉಪಾಯವನ್ನು ಗಮನಿಸಿರಿ. ಆಕೆ ಊರಿನ ಹಿರಿಯರಿಂದ ಉಪವಾಸದ ಸಭೆಯನ್ನು ಕೂಡಿಸಿದಳು. ದೇವರ ಹೆಸರಿನಲ್ಲಿ ಕೂಡಿದ ಆ ಸಭೆಯಲ್ಲಿಯೇ ಸುಳ್ಳುಸಾಕ್ಷಿಗಳು ಎದ್ದುನಿಂತರು. ಊರಿನವರೆಲ್ಲರೂ ನೋಡುತ್ತಿರುವಾಗ ನಿರಪರಾಧಿಯು ಕಲ್ಲೆಸೆತಕ್ಕೆ ಗುರಿಯಾದನು. ಆಗ ಸುಮ್ಮನಿದ್ದ ಹಿರಿಯರು ತಮಗೆ ರಾಜಕಾರಣದ ಗೊಡವೆ ಬೇಡವೆಂದು ಹೇಳಿಕೊಂಡಿರಬಹುದು. ಆದರೆ ಎಲೀಯನು ಹೋಗಿ ಆಹಾಬನ ಎದುರಿಗೇ ನಿಂತನು.

ನಮ್ಮ ನಾಡಿನಲ್ಲಿಯೂ ಹೀಗೆಯೇ. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಿಸುವ ಕಾಯಿದೆ 1955ರಲ್ಲಿ ಬಂತು. ಜೀತಪದ್ಧತಿಯನ್ನು ನಿಲ್ಲಿಸುವ ಕಾಯಿದೆ 1976ರಲ್ಲಿ ಬಂತು. ದೇವದಾಸಿಯರನ್ನು ಅರ್ಪಿಸುವದನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ 1982ರದು. ಸಾರಾಯಿಯ ಮಾರಾಟವು ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ನಿಂತಿತು. ಇವುಗಳಲ್ಲಿ ಒಂದೊಂದೂ ಶಾಸನಸಭೆಯಲ್ಲಿ ರಾಜಕಾರಣವಾಗಿತ್ತು. ಆದರೆ ಶಾಸನವು ಬರುವದಕ್ಕೆ ಮುಂಚೆಯೂ ಅವು ಪಾಪಗಳೇ ಆಗಿದ್ದವು. ಮನುಷ್ಯನನ್ನು ಮುಟ್ಟದೆ ದೂರವಿಡುವದು ಪಾಪವೆಂದು ಹೇಳುವದಕ್ಕೆ ಉಪದೇಶಿಯು 1955ರ ವರೆಗೆ ಕಾಯಬೇಕಾಗಿತ್ತೋ?

ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಹೊರಡಿಸಿದವನು ಒಬ್ಬ ಮಿಷನೆರಿಯೇ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಮಂಗಳೂರಿನಲ್ಲಿ “ಮಂಗಳೂರ ಸಮಾಚಾರ”ವನ್ನು ಆರಂಭಿಸಿದನು. ಅದರಲ್ಲಿ ನೀತಿಬೋಧೆಯ ಜೊತೆಗೆ ಊರ ವರ್ತಮಾನವೂ ಸರ್ಕಾರದ ನಿರೂಪಗಳೂ ಇದ್ದವು. ಆಳುವವರ ಅಪ್ಪಣೆ ಏನೆಂಬದನ್ನು ಜನರು ತಮ್ಮ ಸ್ವಂತ ಭಾಷೆಯಲ್ಲಿ ತಿಳಿದುಕೊಳ್ಳುವದು ಸುವಾರ್ತೆಗೆ ವಿರುದ್ಧವಾದದ್ದೆಂದು ಆ ಸೇವಕನು ಎಣಿಸಲಿಲ್ಲ.

ನಮ್ಮ ದಿವಸಗಳಲ್ಲಿ ಇದಕ್ಕೆ ಒಂದು ಪರೀಕ್ಷೆಯೇ ಬಂತು. ಮತಾಂತರವನ್ನು ಕುರಿತ ಮಸೂದೆಯು 2021ರ ಡಿಸೆಂಬರ್ ತಿಂಗಳಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಗಿ, 2022ರಲ್ಲಿ ಕಾಯಿದೆಯಾಯಿತು. ಮತವನ್ನು ಬದಲಾಯಿಸಬೇಕೆನ್ನುವವನು 30 ದಿವಸ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದೂ, ಆರೋಪ ಬಂದರೆ ನಿರಪರಾಧವನ್ನು ತೋರಿಸುವ ಭಾರವು ಆರೋಪಿತನ ಮೇಲೆಯೇ ಇರುವದೆಂದೂ ಅದರಲ್ಲಿ ಬರೆದಿತ್ತು. ಬೆಂಗಳೂರಿನ ಕಥೋಲಿಕ ಆರ್ಚ್‌ಬಿಷಪ್ ಪೀಟರ್ ಮಚಾಡೊ ಅವರು ಆ ಮಸೂದೆಯನ್ನು ಬಹಿರಂಗವಾಗಿ ವಿರೋಧಿಸಿದರು. ಅನಂತರ ಸರ್ಕಾರವು ಬದಲಾಗಿ, 2023ರ ಜೂನ್ 15ರಂದು ಮಂತ್ರಿಮಂಡಲವು ಆ ಕಾಯಿದೆಯನ್ನು ರದ್ದುಪಡಿಸಲು ತೀರ್ಮಾನಿಸಿತು.

ಇಂಥಾ ಕಾಲದಲ್ಲಿ ಹಳ್ಳಿಯ ಉಪದೇಶಿಯು ಏನು ಹೇಳಬೇಕು? ದೀಕ್ಷಾಸ್ನಾನದ ನೀರಿನ ವರೆಗೆ ಬಂದ ಕಾಯಿದೆಯನ್ನು ಕುರಿತು ಅವನು ಒಂದು ಮಾತನ್ನೂ ಆಡದಿದ್ದರೆ ಸಭೆಯವರು ಗಾಳಿಮಾತಿಗೆ ಬೆದರಿ ಚದರುವರು. ಆದಕಾರಣ ಕಾಯಿದೆಯಲ್ಲಿ ಬರೆದಿರುವದು ಏನು, ಬರೆಯದೆ ಇರುವದು ಏನು ಎಂಬದನ್ನು ಅವನು ಸತ್ಯವಾಗಿ ತಿಳಿಸಬೇಕು. ಸಂವಿಧಾನದ 25ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿರುವದೆಂದು ಹೇಳಿ ಜನರನ್ನು ಧೈರ್ಯಪಡಿಸಬೇಕು. ಆಳುವವರಿಗಾಗಿ ಪ್ರಾರ್ಥಿಸಬೇಕು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುವ ಎದೆಗಾರಿಕೆ ಅವನಿಗೆ ಬೇಕು: ನಮ್ಮಲ್ಲಿ ಯಾವನಾದರೂ ಅಕ್ಕಿಯನ್ನೋ ಹಣವನ್ನೋ ತೋರಿಸಿ ಒಬ್ಬನನ್ನು ಸಭೆಗೆ ಕರೆದರೆ, ಕಾಯಿದೆಯು ಇರಲಿ ಇಲ್ಲದಿರಲಿ, ಅದು ಕರ್ತನ ಹೆಸರಿಗೆ ತಂದ ಅವಮಾನವು. ಹೀಗೆ ಹೇಳಿದರೆ ಅದು ಕರ್ತನ ರೀತಿ. ಯಾಕಂದರೆ ಆ ಮಾತು ಸರ್ಕಾರಕ್ಕೂ ತಗುಲುತ್ತದೆ, ನಮಗೂ ತಗುಲುತ್ತದೆ. ಅದನ್ನು ಬಿಟ್ಟು, ಕಾಯಿದೆಯನ್ನು ತಂದ ಪಕ್ಷವು ಸೈತಾನನದು, ತೆಗೆಯುವೆನೆಂದ ಪಕ್ಷವು ದೇವರದು ಎಂದು ಸಾರಿದರೆ, ಅವನು ಪ್ರವಾದಿಯ ಕಂಬಳಿಯನ್ನು ತೆಗೆದಿಟ್ಟು ಪಕ್ಷದ ಶಾಲನ್ನು ಹೊದ್ದುಕೊಂಡಂತಾಯಿತು.

ಎರಡನೆಯದಾಗಿ, ಪೀಠವು ಪಕ್ಷವನ್ನು ಹಿಡಿಯಕೂಡದು. ಇದಕ್ಕೆ ನಾಲ್ಕು ಕಾರಣಗಳುಂಟು.

ಒಂದನೆಯ ಕಾರಣ: ಪೀಠದ ಮಾತಿಗೆ ಎದುರುಮಾತು ಇಲ್ಲ. ಅರಳಿಕಟ್ಟೆಯ ಮೇಲೆ ಒಬ್ಬನು ಒಂದು ಪಕ್ಷವನ್ನು ಹೊಗಳಿದರೆ ಇನ್ನೊಬ್ಬನು ಎದ್ದು ಅಲ್ಲವೆನ್ನಬಹುದು. ದೇವಾಲಯದಲ್ಲಿ ಹಾಗಲ್ಲ. ಅಲ್ಲಿ ಜನರು ತಲೆ ತಗ್ಗಿಸಿ ಕೂತಿರುವದು ದೇವರು ಮಾತಾಡುವನೆಂಬ ನಂಬಿಕೆಯಿಂದ. ಆ ನಂಬಿಕೆಯ ಮರೆಯಲ್ಲಿ ಉಪದೇಶಿಯು ತನ್ನ ಇಷ್ಟವನ್ನು ದೇವರ ಇಷ್ಟವೆಂದು ಹೇಳಿದರೆ, ಓದುಬರಹ ಬಾರದ ಮುದುಕಿಯು ಯಾರನ್ನು ಕೇಳಬೇಕು? ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವದೆಂದರೆ ಇದಕ್ಕಿಂತ ಹೆಚ್ಚಿನದು ಯಾವದು?

ಈ ಅಪಾಯವನ್ನು ದೇಶದ ಕಾನೂನು ಸಹ ಕಂಡಿದೆ. 1951ರ ಜನಪ್ರತಿನಿಧಿ ಕಾಯಿದೆಯ 123ನೆಯ ಪ್ರಕರಣದ ಮೇರೆಗೆ, ನಾನು ಹೇಳಿದವನಿಗೆ ಮತ ಕೊಡದಿದ್ದರೆ ದೇವರ ಕೋಪ ಬರುವದೆಂದು ಮತದಾರನನ್ನು ನಂಬಿಸುವದು ಭ್ರಷ್ಟಾಚರಣೆಯಾಗಿದೆ. ಪಂಜಾಬಿನ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿಗಳ ಗುರುವು ಒಬ್ಬ ಅಭ್ಯರ್ಥಿಗೇ ಮತ ಕೊಡಬೇಕೆಂದು ಶಿಷ್ಯರಿಗೆ ಅಪ್ಪಣೆಕೊಟ್ಟದ್ದರಿಂದ, 1959ರಲ್ಲಿ ಸುಪ್ರೀಂ ಕೋರ್ಟು ಆ ಚುನಾವಣೆಯು ಅಸಿಂಧುವೆಂದು ಎತ್ತಿಹಿಡಿಯಿತು. ಧರ್ಮದ ಹೆಸರಿನಲ್ಲಿ ಮತ ಕೇಳುವದು ಅಭ್ಯರ್ಥಿಯ ಧರ್ಮವಾಗಲಿ ಮತದಾರನ ಧರ್ಮವಾಗಲಿ ಯಾವದರ ಆಧಾರದ ಮೇಲೂ ಸಲ್ಲದೆಂದು ಅದೇ ನ್ಯಾಯಾಲಯವು 2017ರ ಜನವರಿ 2ರಂದು ತೀರ್ಪುಕೊಟ್ಟಿತು. ದೇವಾಲಯ, ಮಸೀದಿ, ಚರ್ಚುಗಳನ್ನು ಚುನಾವಣಾ ಪ್ರಚಾರಕ್ಕೆ ಉಪಯೋಗಿಸಬಾರದೆಂದು ಚುನಾವಣಾ ಆಯೋಗದ ನೀತಿಸಂಹಿತೆಯೂ ಹೇಳುತ್ತದೆ. ಗುಜರಾತಿನ ಗಾಂಧಿನಗರದ ಆರ್ಚ್‌ಬಿಷಪ್ಪರು 2017ರ ನವೆಂಬರಿನಲ್ಲಿ ಚುನಾವಣೆಯನ್ನು ಕುರಿತು ಸಭೆಯವರಿಗೆ ಬರೆದ ಪತ್ರಕ್ಕಾಗಿ ಚುನಾವಣಾಧಿಕಾರಿಯಿಂದ ನೋಟೀಸು ಬಂತು. ಆದರೂ ಪ್ರಿಯರೇ, ನಮ್ಮ ಕಾರಣವು ನೋಟೀಸಿನ ಭಯವಲ್ಲ. ಅಮೆರಿಕ ದೇಶದಲ್ಲಿ ತೆರಿಗೆಯ ವಿನಾಯಿತಿ ಪಡೆದ ಸಭೆಗಳು ಅಭ್ಯರ್ಥಿಗಳ ಪರವಾಗಿ ನಿಲ್ಲಬಾರದೆಂಬ ನಿಯಮವು 1954ರಲ್ಲಿ ಆಯಿತು. 2025ರ ಜುಲೈ ತಿಂಗಳಲ್ಲಿ ಅಲ್ಲಿಯ ತೆರಿಗೆ ಇಲಾಖೆಯು, ಆರಾಧನೆಯಲ್ಲಿ ತನ್ನ ಸಭೆಯವರಿಗೆ ಬೋಧಕನು ಹೇಳುವ ಮಾತು ಆ ನಿಯಮಕ್ಕೆ ಒಳಪಡದೆಂದು ನ್ಯಾಯಾಲಯದಲ್ಲಿ ಹೇಳಿತು. ಕಾನೂನು ಬೇಲಿಯನ್ನು ಹಾಕಬಹುದು, ಕೀಳಲೂ ಬಹುದು. ಕರ್ತನು ಪಾಲು ಹಂಚುವವನಾಗಲು ಒಪ್ಪದೆ ಹೋದದ್ದು ಯಾವ ಕಾಯಿದೆಗೆ ಹೆದರಿ?

ಎರಡನೆಯ ಕಾರಣ: ಕರ್ತನ ಮೇಜು ಒಂದೇ. ಆತನ ಹನ್ನೆರಡು ಮಂದಿ ಶಿಷ್ಯರಲ್ಲಿ ಮತ್ತಾಯನು ರೋಮಾಯರ ಆಳಿಕೆಯ ಕೆಳಗೆ ಸುಂಕ ಎತ್ತಿದವನು. ಮತಾಭಿಮಾನಿಯೆನಿಸಿಕೊಂಡ ಸೀಮೋನನ ಹೆಸರೇ ಆ ಆಳಿಕೆಯನ್ನು ಸಹಿಸದವರ ಹೆಸರು. ಲೋಕದಲ್ಲಿ ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡುವವರಲ್ಲ. ಕರ್ತನು ಇಬ್ಬರನ್ನೂ ಕರೆದು ಒಂದೇ ರೊಟ್ಟಿಯನ್ನು ಮುರಿದುಕೊಟ್ಟನು. ನಮ್ಮ ಸಭೆಗಳು ಚಿಕ್ಕವು. ಇಪ್ಪತ್ತು ಮನೆ, ಮೂವತ್ತು ಮನೆ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗಳಿಲ್ಲದಿದ್ದರೂ ಜಗಳವು ಎಲ್ಲಕ್ಕಿಂತ ಹೆಚ್ಚು. ಯಾಕಂದರೆ ನಿಂತವರಿಬ್ಬರೂ ನೆಂಟರು, ಕೆಲವು ಸಾರಿ ಒಂದೇ ಬೆಂಚಿನ ಮೇಲೆ ಕೂತು ಪ್ರಾರ್ಥಿಸುವವರು. ಪೀಠದಿಂದ ಒಬ್ಬನ ಹೆಸರು ಬಂದರೆ ಇನ್ನೊಬ್ಬನ ಮನೆಯವರು ಮುಂದಿನ ಭಾನುವಾರ ಬರುವದಿಲ್ಲ. ಚುನಾವಣೆಯು ಐದು ವರುಷಕ್ಕೊಮ್ಮೆ ಮುಗಿದುಹೋಗುವದು. ಅಂದು ಎದ್ದುಹೋದ ಮನೆಯವರನ್ನು ಹತ್ತು ವರುಷವಾದರೂ ತಿರುಗಿ ತರಲಾರೆವು. ಆ ಮನೆಯ ಮಕ್ಕಳು ವೇದವಾಕ್ಯವಿಲ್ಲದೆ ಬೆಳೆದರೆ ಅದರ ಲೆಕ್ಕವನ್ನು ಯಾರು ಕೊಡಬೇಕು?

ಮೂರನೆಯ ಕಾರಣ: ಪಕ್ಷ ಹಿಡಿದ ಪೀಠಕ್ಕೆ ಬೆಲೆ ಕಟ್ಟುವವರು ಬರುವರು. ಆಹಾಬನ ಬಳಿಯಲ್ಲಿ ನಾನೂರು ಮಂದಿ ಪ್ರವಾದಿಗಳಿದ್ದರು. ಅರಸನು ಕೇಳಬೇಕೆಂದದ್ದನ್ನು ಎಲ್ಲರೂ ಒಂದೇ ಬಾಯಿಂದ ಹೇಳಿದರು. ಬೇರೆ ಮಾತನ್ನು ಹೇಳಿದ ಮೀಕಾಯೆಹುವಿಗೆ ಕೆನ್ನೆಗೆ ಏಟೂ ಸೆರೆಮನೆಯೂ ದೊರಕಿದವು. ಆ ನಾನೂರು ಮಂದಿಯ ಹಾಗೆ ಆಗುವದು ಕಷ್ಟವಲ್ಲ. ಚುನಾವಣೆಗೆ ಮುಂಚೆ ಒಬ್ಬನು ಬಂದು ದೇವಾಲಯದ ಮೇಲ್ಛಾವಣಿಗೆ ತಗಡು ಹಾಕಿಸುವೆನೆನ್ನುವನು. ಇನ್ನೊಬ್ಬನು ಸಮಾಧಿಭೂಮಿಗೆ ಕಾಂಪೌಂಡು ಕಟ್ಟಿಸುವೆನೆನ್ನುವನು. ಅಯ್ಯನವರು ಒಂದು ಮಾತು ಹೇಳಿದರೆ ಸಾಕೆನ್ನುವನು. ತಗಡು ಹತ್ತು ಮಳೆಗಾಲ ಬಾಳಬಹುದು. ಆದರೆ ಅಂದಿನಿಂದ ಆ ಪೀಠದಲ್ಲಿ ಲಂಚವನ್ನು ಕುರಿತು ಪ್ರಸಂಗ ಮಾಡುವದು ಹೇಗೆ? ಕೇಳುವವರು ತಲೆಯೆತ್ತಿ ತಗಡನ್ನೇ ನೋಡುವರು.

ಬೇಡುವದು ತಪ್ಪೆಂದು ನಾನು ಹೇಳುವದಿಲ್ಲ. ಸಮಾಧಿಭೂಮಿಯು ನಮ್ಮ ಹಕ್ಕು. ಸಭೆಯ ಹಿರಿಯರು ಎಲ್ಲರ ಸಹಿಯೊಡನೆ ತಹಸೀಲ್ದಾರರಿಗೂ ಪಂಚಾಯಿತಿಗೂ ಅರ್ಜಿಕೊಡಲಿ. ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಲಿ. ಪೌಲನು ಫಿಲಿಪ್ಪಿಯಲ್ಲಿ ತನ್ನ ನಾಗರಿಕನ ಹಕ್ಕನ್ನು ಬಾಯಿಬಿಟ್ಟು ಕೇಳಿದನು; ಕೈಸರಿಗೇ ಮೊರೆಯಿಟ್ಟನು. ಆದರೆ ಆತನು ಫೆಲಿಕ್ಸನಿಗೆ ಹಣವನ್ನು ಕೊಟ್ಟು ಬಿಡುಗಡೆ ಪಡೆಯಲಿಲ್ಲ. ಹಕ್ಕನ್ನು ಹಗಲಿನಲ್ಲಿ ಕೇಳುವದು ಬೇರೆ. ಮತವನ್ನು ಕೊಟ್ಟು ಕೊಳ್ಳುವದು ಬೇರೆ.

ಈ ಭೇದವನ್ನು ನಮ್ಮ ನೆರೆಯವರಲ್ಲಿಯೂ ಕಾಣಬಹುದು. ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗಾಗಿ ಸಿರಿಗೆರೆಯ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಆಳುವವರೊಡನೆ ಮಾತಾಡಿ ಶ್ರಮಪಟ್ಟರು. ಆ ನೀರು ಬರುವದು ಬಾಯಾರಿದ ಎಲ್ಲರ ಊರಿಗೂ. ಒಳ್ಳೆಯ ಕೆಲಸವನ್ನು ಯಾರು ಮಾಡಿದರೂ ಒಳ್ಳೆಯದೆನ್ನಬೇಕು. ಇನ್ನೊಂದು ಸಂಗತಿ ಹರಿಹರದಲ್ಲಿ ನಡೆಯಿತು. 2020ರ ಜನವರಿಯಲ್ಲಿ ಹರಜಾತ್ರೆಯ ವೇದಿಕೆಯ ಮೇಲೆ, ಒಬ್ಬ ಶಾಸಕರನ್ನು ಮಂತ್ರಿಮಾಡಬೇಕೆಂದು ಪೀಠಾಧಿಪತಿಗಳು ಆಗಿನ ಮುಖ್ಯಮಂತ್ರಿಗಳಾದ ಬಿ. ಎಸ್. ಯಡಿಯೂರಪ್ಪನವರ ಎದುರಿಗೇ ಒತ್ತಾಯಪಡಿಸಿದರು. ಮುಖ್ಯಮಂತ್ರಿಗಳು ಬೇಸರಗೊಂಡು ಎದ್ದುನಿಂತರು. ಅನ್ಯರನ್ನು ಹೀಯಾಳಿಸುವದಕ್ಕೆ ಇದನ್ನು ಹೇಳುವದಿಲ್ಲ. ಅಂಥಾ ವೇದಿಕೆ ನಮಗೆ ಸಿಕ್ಕಿದ್ದರೆ ನಮ್ಮವರು ಬೇರೆ ಏನು ಮಾಡುತ್ತಿದ್ದರೆಂಬದನ್ನು ಪ್ರತಿಯೊಬ್ಬನೂ ತನ್ನ ಹೃದಯದಲ್ಲಿ ವಿಚಾರಿಸಿಕೊಳ್ಳಲಿ. ಕೆರೆಗೆ ನೀರು ಕೇಳುವದು ಒಂದು. ಒಬ್ಬನಿಗೆ ಪದವಿ ಕೇಳುವದು ಇನ್ನೊಂದು.

ನಾಲ್ಕನೆಯ ಕಾರಣ: ನಮ್ಮ ಹಿರಿಯರು ಬೇರೆ ಗುಂಪಾಗಿ ನಿಲ್ಲುವದಕ್ಕೆ ಒಪ್ಪಲಿಲ್ಲ. ಸಂವಿಧಾನ ರಚನಾಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಎಚ್. ಸಿ. ಮುಖರ್ಜಿಯವರು ಕ್ರೈಸ್ತರು. ಮತಧರ್ಮದ ಆಧಾರದ ಮೇಲೆ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸುವದು ಬೇಡವೆಂಬ ತೀರ್ಮಾನವು 1949ರ ಮೇ ತಿಂಗಳಲ್ಲಿ ಆದಾಗ ಅವರು ಅದಕ್ಕೆ ಮುಂದಾಳಾಗಿ ನಿಂತರು. ಬಹುಸಂಖ್ಯೆಯ ನೆರೆಯವರ ಸದ್ಭಾವನೆಯನ್ನು ನಂಬಿ ನಮ್ಮವರು ಸ್ವಇಚ್ಛೆಯಿಂದ ಆ ಭದ್ರತೆಯನ್ನು ಬಿಟ್ಟುಕೊಟ್ಟರು. ಅವರು ಬಿಟ್ಟದ್ದನ್ನು ನಾವು ಪೀಠದ ಹಿಂಬಾಗಿಲಿಂದ ತಂದು, “ಇಷ್ಟು ಕ್ರೈಸ್ತರ ಓಟು ನನ್ನ ಕೈಯಲ್ಲಿದೆ” ಎಂದು ಒಬ್ಬ ಅಭ್ಯರ್ಥಿಗೆ ತೋರಿಸುವದು ಸರಿಯೋ? ಕುರುಬನಿಗೆ ಕುರಿಗಳನ್ನು ಒಪ್ಪಿಸಿದ್ದು ಮೇಯಿಸುವದಕ್ಕೆ, ಸಂತೆಗೆ ಹೊಡೆಯುವದಕ್ಕಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಪ್ರವಾದಿಗಳು ಹೆಸರು ಹಿಡಿದು ಮಾತಾಡಲಿಲ್ಲವೋ? ಸಮುವೇಲನು ದಾವೀದನನ್ನು ಅಭಿಷೇಕಿಸಲಿಲ್ಲವೋ? ಎಲೀಷನು ಶಿಷ್ಯನನ್ನು ಕಳುಹಿಸಿ ಯೇಹುವಿನ ತಲೆಯ ಮೇಲೆ ಎಣ್ಣೆ ಹೊಯ್ಯಿಸಲಿಲ್ಲವೋ? ನಿಜವೇ. ನಾತಾನನೂ ಎಲೀಯನೂ ಅರಸನ ಹೆಸರು ಹಿಡಿದದ್ದು ಅವನು ಮಾಡಿದ ಕೃತ್ಯಕ್ಕಾಗಿ. ಅವನ ಮುಖದೆದುರಿಗೆ, ತಮ್ಮ ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು. ದೂರದ ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಇರುವ ಆಳುವವರನ್ನು, ಮೊದಲೇ ಅವರನ್ನು ಮೆಚ್ಚದ ಜನರ ಮುಂದೆ ಬೈಯುವದಕ್ಕೆ ಅಂಥಾ ಧೈರ್ಯವು ಬೇಕಾಗಿಲ್ಲ. ಎಣ್ಣೆಯ ಮಾತಾದರೋ, ಅರಸನನ್ನು ಆರಿಸುವ ಕೊಂಬು ಆ ಕಾಲದಲ್ಲಿ ಪ್ರವಾದಿಯ ಕೈಗೆ ಕೊಡಲ್ಪಟ್ಟಿತ್ತು. ಈ ಕಾಲದಲ್ಲಿ ಅದು ಉಪದೇಶಿಯ ಕೈಯಲ್ಲಿಲ್ಲ. ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ 1962ರಿಂದ ದೇಶದ ಚುನಾವಣೆಗಳಿಗೆ ಹೋಗುತ್ತಿರುವ ಅಳಿಸದ ಮಸಿಯುಂಟಲ್ಲಾ, ಅದನ್ನು ಮತಗಟ್ಟೆಯಲ್ಲಿ ಬೋಧಕನ ಬೆರಳಿಗೂ ಕೂಲಿಯವನ ಬೆರಳಿಗೂ ಒಂದೇ ಗೆರೆಯಾಗಿ ಹಚ್ಚುತ್ತಾರೆ. ದೇವರು ಪ್ರತಿಯೊಬ್ಬನ ಮನಸ್ಸಾಕ್ಷಿಗೆ ಒಪ್ಪಿಸಿದ ಭಾರವನ್ನು ಒಬ್ಬನು ಕಿತ್ತುಕೊಂಡು ತಾನೇ ಹೊರಬಾರದು.

ಇನ್ನೂ ಒಬ್ಬರು, ಆಳುವವರು ಸಭೆಯನ್ನೇ ತಮ್ಮ ಕೈವಶ ಮಾಡಿಕೊಳ್ಳುವ ಕಾಲ ಬಂದರೆ ಏನು ಮಾಡಬೇಕೆಂದು ಕೇಳಬಹುದು. ಜರ್ಮನಿ ದೇಶದಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಅನೇಕ ಸಭೆಗಳವರು ಅವನ ಬಾವುಟವನ್ನು ವೇದಿಯ ಬಳಿಗೇ ತಂದರು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬ ಊರಿನಲ್ಲಿ ಕೂಡಿದ ಕೆಲವರು, ಸಭೆಯು ಕೇಳಿ ವಿಧೇಯವಾಗತಕ್ಕದ್ದು ಯೇಸು ಕ್ರಿಸ್ತನೆಂಬ ಒಂದೇ ವಾಕ್ಯಕ್ಕೆಂದು ಅರಿಕೆಮಾಡಿದರು. ಅವರು ಒಂದು ಪಕ್ಷವನ್ನು ಬಿಟ್ಟು ಇನ್ನೊಂದು ಪಕ್ಷಕ್ಕೆ ಮತ ಕೊಡಿರೆಂದು ಹೇಳಲಿಲ್ಲ. ಪೀಠವು ಕರ್ತನದೆಂದು ಹೇಳಿದರು. ಆಳುವವರಿಗೆ ಅಷ್ಟೇ ಸಾಕಾಯಿತು. ಮಾರ್ಟಿನ್ ನಿಮೊಲ್ಲರ್ ಎಂಬ ಬೋಧಕನು 1937ರಲ್ಲಿ ಸೆರೆಯಾದನು. 1945ರ ವರೆಗೂ ಬಂದಿಯಾಗಿದ್ದನು. ಪೀಠವು ಯಾವ ಪಕ್ಷಕ್ಕೂ ಮಾರಲ್ಪಡದೆ ಇದ್ದರೆ ಮಾತ್ರ ಅಂಥಾ ದಿವಸದಲ್ಲಿ ಅದರ ಮಾತಿಗೆ ತೂಕವಿರುವದು.

ಹೀಗಿರಲಾಗಿ, ಜೊತೆಯ ಉಪದೇಶಿಗಳೇ, ಪೀಠದಲ್ಲಿ ಊರಿನ ವಿಷಯವನ್ನು ಎತ್ತುವ ಮುಂಚೆ ನಮ್ಮನ್ನು ನಾವೇ ಮೂರು ಮಾತು ಕೇಳಿಕೊಳ್ಳೋಣ. ಇದನ್ನು ಹೇಳುವದಕ್ಕೆ ದೇವರ ವಾಕ್ಯದ ಆಧಾರವುಂಟೋ, ಇಲ್ಲವೆ ವೃತ್ತಪತ್ರಿಕೆಯೂ ಮೊಬೈಲಿನಲ್ಲಿ ಬಂದ ಸುದ್ದಿಯೂ ಮಾತ್ರ ಆಧಾರವೋ? ಈ ಮಾತು ಎರಡು ಕಡೆಯವರಿಗೂ ತಗುಲುವದೋ, ನನಗೆ ಬೇಡವಾದವರಿಗೆ ಮಾತ್ರವೋ? ಇದನ್ನು ಹೇಳುವದರಿಂದ ನನಗೆ ಲಾಭವೋ ನಷ್ಟವೋ? ನಾವು ಅಭ್ಯರ್ಥಿಯ ಜೀಪಿನಲ್ಲಿ ಕೂತುಕೊಳ್ಳುವದು ಬೇಡ. ಪೀಠದಿಂದ ಇಳಿದರೂ ಪೀಠವು ನಮ್ಮ ಹಿಂದೆಯೇ ಬರುತ್ತದೆ. ಚಹದಂಗಡಿಯಲ್ಲಿ ನಾವು ಆಡಿದ ಮಾತನ್ನು ಸಂಜೆಯೊಳಗೆ ಅಯ್ಯನವರ ಅಪ್ಪಣೆಯೆಂದು ಊರಿನಲ್ಲಿ ಹೇಳುವರು. ಚುನಾವಣೆಯ ಸಮಯದಲ್ಲಿ ಅಭ್ಯರ್ಥಿಯು ಆರಾಧನೆಗೆ ಬಂದರೆ ಅವನನ್ನು ತಡೆಯಬಾರದು. ಅವನ ಆತ್ಮಕ್ಕೂ ವಾಕ್ಯವು ಬೇಕು. ಆದರೆ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೂ ಹರಕುಬಟ್ಟೆಯವನಿಗೂ ಹೇಳಿರುವ ಸ್ಥಳವನ್ನು ನೆನಸಿಕೊಂಡು, ಹಾರವೂ ಶಾಲೂ ಮೈಕೂ ಕೊಡದೆ ಎಲ್ಲರ ಸಂಗಡ ಕೂತು ಕೇಳಲು ಬಿಡೋಣ.

ಸಭೆಯವರಾದ ನಿಮಗೂ ಕೆಲವು ಮಾತುಗಳುಂಟು. ಯಾರಿಗೆ ಓಟು ಹಾಕಲಿ ಎಂದು ಉಪದೇಶಿಯನ್ನು ಕೇಳಬೇಡಿರಿ. ಅವನನ್ನು ಬೇರೆ ಪ್ರಶ್ನೆಗಳನ್ನು ಕೇಳಿರಿ: ಆಳುವವನಲ್ಲಿ ದೇವರು ಏನನ್ನು ಹುಡುಕುತ್ತಾನೆ? ನನ್ನ ಮತದಿಂದ ನನಗಿಂತ ಬಡವನಾದವನಿಗೆ ಏನಾಗುವದು? ನಿಮ್ಮ ಮನೆಯ ಬಾಗಲಿಗೆ ರಾತ್ರಿಯಲ್ಲಿ ನೋಟೂ ಸೀರೆಯೂ ಸಾರಾಯಿಯ ಬದಲಿಗೆ ಬಂದ ಬಾಟಲಿಯೂ ಬಂದರೆ, ಎಲ್ಲರೂ ತೆಗೆದುಕೊಳ್ಳುತ್ತಾರಲ್ಲಾ ಎಂದು ಹೇಳಬೇಡಿರಿ. ಬಹುಮಂದಿ ದುಷ್ಕಾರ್ಯ ಮಾಡಿದರೂ ಅವರ ಹಿಂದೆ ಹೋಗಬಾರದೆಂದು ಮೋಶೆಯ ಧರ್ಮಶಾಸ್ತ್ರವು ಕಲಿಸುತ್ತದೆ. ಕಾನೂನಿನಲ್ಲಿಯೂ ಕೊಟ್ಟವನು ಮಾತ್ರವಲ್ಲ, ತೆಗೆದುಕೊಂಡವನೂ ಅಪರಾಧಿಯೇ. ಐದು ವರುಷದ ನ್ಯಾಯವನ್ನು ಒಂದು ರಾತ್ರಿಯ ಕೂಳಿಗೆ ಮಾರುವವನು ಏಸಾವನ ತಮ್ಮನಾಗುವದಿಲ್ಲ, ಏಸಾವನೇ ಆಗುವನು. ಗಂಡಸರೇ, ನಿಮ್ಮ ಹೆಂಡತಿಯ ಮತವು ನಿಮ್ಮದಲ್ಲ. ದಿನವೆಲ್ಲಾ ಅಡಿಕೆ ಸುಲಿದು ಬೆರಳು ಕಪ್ಪಾದ ಆ ತಾಯಿಗೂ ದೇವರು ಮನಸ್ಸಾಕ್ಷಿಯನ್ನು ಕೊಟ್ಟಿದ್ದಾನೆ; ಆಕೆಯು ಯಾರಿಗೂ ಹೇಳದೆ ತನ್ನ ಮನಸ್ಸಿನಂತೆ ಒತ್ತಲಿ. ಎಣಿಕೆ ಮುಗಿದ ಮೇಲೆ ಗೆದ್ದವನು ಸೋತವನ ಮನೆಗೆ ತಾನಾಗಿ ಹೋಗಲಿ. ಅವರಿಬ್ಬರೂ ಮುಂದಿನ ಸಂಸ್ಕಾರದ ಭಾನುವಾರಕ್ಕೆ ಮುಂಚೆ ಕೈಹಿಡಿದುಕೊಳ್ಳಲಿ.

ಪ್ರಿಯರೇ, ಐಶ್ವರ್ಯವಂತನು ಕಣಜವನ್ನು ಕಟ್ಟುವ ಯೋಚನೆಯಲ್ಲಿರುವಾಗ ಆ ರಾತ್ರಿಯೇ ಅವನ ಪ್ರಾಣವನ್ನು ಕೇಳಲಾಯಿತು. ಆಳುವವರನ್ನೂ ಹಾಗೆಯೇ ಕೇಳಲಾಗುವದು. ಮತ ಕೊಟ್ಟವರನ್ನೂ ಪೀಠದಲ್ಲಿ ನಿಂತವರನ್ನೂ ಕೇಳಲಾಗುವದು. ಆ ದಿವಸದಲ್ಲಿ ನಮ್ಮ ಪಕ್ಷವು ಗೆದ್ದಿತೋ ಎಂಬ ಪ್ರಶ್ನೆಯಿರುವದಿಲ್ಲ. ಹಸಿದವನನ್ನೂ ಸೆರೆಯಲ್ಲಿದ್ದವನನ್ನೂ ನೋಡಿದಿರೋ ಎಂಬದೇ ಪ್ರಶ್ನೆಯಾಗಿರುವದು.

ಪ್ರಾರ್ಥನೆ: ಸರ್ವರ ಕರ್ತನೇ, ನಮ್ಮ ದೇಶವನ್ನೂ ರಾಜ್ಯವನ್ನೂ ಹಳ್ಳಿಗಳನ್ನೂ ಆಳುವವರಿಗೆ ನ್ಯಾಯವಾದ ಮನಸ್ಸನ್ನು ದಯಪಾಲಿಸು. ನಿನ್ನ ವಾಕ್ಯವನ್ನು ಸಾರುವವರ ಬಾಯಿಂದ ಅಂಜಿಕೆಯನ್ನೂ ಮುಖಸ್ತುತಿಯನ್ನೂ ತೆಗೆದುಹಾಕು. ನಿನ್ನ ಮೇಜಿನ ಸುತ್ತಲೂ ನಮ್ಮನ್ನು ಒಂದಾಗಿ ಕಾಪಾಡು. ಬಡವರ ಮೊರೆಗೆ ಕಿವಿಗೊಡುವ ನಿನ್ನ ಹೃದಯವನ್ನು ನಮಗೂ ಕೊಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.